ಸೂಜಿ ಬಿಡು, ಪುಸ್ತಕ ಹಿಡಿ

ನನ್ನನ್ನು ಹುಟ್ಟಿದ ಮನೆಯಿಂದ ಕಳಿಸಿಕೊಡಲಿಕ್ಕೆಂದು ಹೊಲಿದ ಕೌದಿ ನನ್ನ ಕಣ್ಣೆದುರಿಗೇ ತಯಾರಾಯಿತು. ಹೊಲಿದವರು ನಮ್ಮ ಮನೆಯ ಹೆಂಗಸರು. ಹೊಲಿಯುವಾಗ ಅವರಿಗೆ ಬೇಸರ ಬರಬಾರದೆಂದು ಪಕ್ಕದಲ್ಲಿ ಕೂತು, ಗಂಟಲು ನೋಯುವ ತನಕ ಕಾದಂಬರಿ ಓದಿದವಳು ನಾನು. ಆಗ ಐದನೇ ಇಯತ್ತೆ ಕಲಿಯುತ್ತಿದ್ದೆ. ಇದನ್ನು ನನ್ನ ಮಕ್ಕಳಿಗೆ ಹೇಳಿದರೆ "ಇರ್ಲಿ ಬಿಡವ್ವ, ಒಳ್ಳೇದಕ್ಕ ಮಾಡ್ಯಾರ" ಎನ್ನುತ್ತಾರೆ. ಎಲ್ಲರೂ ಹಾಗೇ ಎನ್ನುತ್ತಾರೆ. ಒಳ್ಳೆಯದಕ್ಕೆ ಮಾಡಿದ ಮೋಸಕ್ಕೆ ಬೇರೆ ಹೆಸರೇನಾದರೂ ಇದ್ದರೆ ಯಾರಾದರೂ ನನಗೆ ಹೇಳಿಕೊಡಲಿ, ಇಷ್ಟು ವರ್ಷ ಹುಡುಕಿದರೂ ಸಿಕ್ಕಿಲ್ಲ. ಸಕ್ಕರೆ ಕಾಯಿಲೆ ಬಂದಿದೆ, ಮೊಣಕಾಲು ಹೇಳಿದ ಮಾತು ಕೇಳುತ್ತಿಲ್ಲ, ಮೊಬೈಲಿನ ಅಕ್ಷರ ದೊಡ್ಡದು ಮಾಡಿಕೊಂಡು ಓದುವ ವಯಸ್ಸಾಗಿದೆ. ಆದರೂ ದೀಪಾವಳಿ ಮುಗಿದು ಬಿಸಿಲು ಮೆತ್ತಗಾಗುವ ದಿನಗಳು ಬಂದವೆಂದರೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಮನೆಯವರಿಗೆ ಅದು ಗೊತ್ತಾಗಿಹೋಗಿದೆ. ಆಗ ನನ್ನ ತಂಟೆಗೆ ಯಾರೂ ಬರುವುದಿಲ್ಲ.

ಬೆಟಗೇರಿಯ ನಮ್ಮ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ತಲಬಾಗಿಲು ದಾಟಿದರೆ ಮಗ್ಗದ ಕೋಣೆ, ಅದರ ಹಿಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಕಟ್ಟಕಡೆಗೆ ಬಚ್ಚಲು, ಒಂದು ಪೇರಲ ಗಿಡವಿದ್ದ ಹಿತ್ತಲು. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂತರೆ ಅವನ ತಲೆ ನನ್ನ ಭುಜದ ಮಟ್ಟಕ್ಕೆ ಬರುತ್ತಿತ್ತು. ಹೀಗಾಗಿ ಬಹಳ ದಿನ ನಮ್ಮಪ್ಪ ಗಿಡ್ಡ ಎಂದೇ ತಿಳಿದಿದ್ದೆ. ಅಪ್ಪ ಮಾತಿನ ಮನುಷ್ಯ ಅಲ್ಲ. ಅವನ ಬದಲಿಗೆ ಮಗ್ಗವೇ ಮಾತಾಡುತ್ತಿತ್ತು. ಲಾಳಿ ಓಡುವ ಸದ್ದು ನಿಂತಿತೆಂದರೆ ಒಳಗೆ ಕೆಲಸದಲ್ಲಿದ್ದವರೆಲ್ಲ ತಲೆ ಎತ್ತುತ್ತಿದ್ದರು. ಎಳೆ ಹರಿದಿರಬೇಕು, ಇಲ್ಲವೇ ಯಾರೋ ಬಂದಿರಬೇಕು, ಇಲ್ಲವೇ ಅಪ್ಪನಿಗೆ ಸಿಟ್ಟು ಬಂದಿರಬೇಕು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ನಾನು, ನನ್ನ ತಂಗಿ ಶಾರದೆ, ತೊಟ್ಟಿಲಲ್ಲಿ ಒಬ್ಬ ತಮ್ಮ. ರಾತ್ರಿ ಪಡಸಾಲೆಯಲ್ಲಿ ಸಾಲಾಗಿ ಹಾಸಿಗೆ ಹಾಸಿದಾಗ ಆಯಿಯ ಮಗ್ಗುಲಿನ ಜಾಗಕ್ಕೆ ನನಗೂ ಶಾರದೆಗೂ ದಿನಾ ಜಗಳ. ಹಿರಿಯವಳೆಂಬ ಹಕ್ಕಿನ ಮೇಲೆ ನಾನೇ ಗೆಲ್ಲುತ್ತಿದ್ದೆ. ಶಾರದೆ ಕಾಲಿನಿಂದ ನನ್ನ ಬೆನ್ನಿಗೆ ಒದ್ದು ಮಲಗುತ್ತಿದ್ದಳು.

ಆಯಿ ಕೌದಿ ಹೊಲಿಯುವವಳು. ಆಕೆಯ ಕೌದಿಗೆ ಹಿರೇಹಂದಿಗೋಳದಿಂದ ಹಿಡಿದು ಮುಂಡರಗಿ ತನಕ ಗಿರಾಕಿಗಳಿದ್ದರು. ಹಳೆಯ ಸೀರೆ, ಧೋತರ, ಕುಪ್ಪಸಗಳ ಗಂಟು ಹೊತ್ತು ಹೆಂಗಸರು ಬರುತ್ತಿದ್ದರು. ಆಯಿ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿ, ಎರಡು ಕೈಯಲ್ಲಿ ಜಗ್ಗಿ, ಇದು ತಾಳುತ್ತದೆ, ಇದು ತಾಳುವುದಿಲ್ಲ ಎಂದು ಬೇರೆ ಮಾಡುತ್ತಿದ್ದಳು. ಪಡಸಾಲೆಯ ನೆಲದ ಮೇಲೆ ಅಡಿಗೆ ಧೋತರ ಹಾಸಿ, ಅದರ ಮೇಲೆ ಹಳೆಯ ಸೀರೆಗಳ ಪದರು, ಎಲ್ಲಕ್ಕಿಂತ ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಸರಿಯಬಾರದೆಂದು ಅಲ್ಲಲ್ಲಿ ಉದ್ದ ಹೊಲಿಗೆಯ ಟಾಕಿ ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿನ ತನಕ ಸಾಲು ಸಾಲಾಗಿ ಹೊಲಿಗೆ. ಒಂದೊಂದು ಮಗ್ಗುಲಿಗೆ ಒಬ್ಬೊಬ್ಬರು ಕೂಡುತ್ತಿದ್ದರು. ಆಯಿಯದು ಬೆಳಕಿಂಡಿಯ ಕೆಳಗಿನ ಮಗ್ಗುಲು, ಅವ್ವನದು ಅಡುಗೆಮನೆ ಕಡೆಯದು. ಮೂರನೆಯದು ನಮ್ಮ ಬಾಜೂ ಮನೆಯ ಹಸೀನಾಬಿಯದು. ಆಕೆಯ ಗಂಡ ಅರಳೆ ಹಿಂಜಿ ಗಾದಿ ತುಂಬುತ್ತಿದ್ದ, ಆಕೆ ನಮ್ಮ ಮನೆಯಲ್ಲಿ ಹೊಲಿಗೆಗೂ ಹರಟೆಗೂ ಪಾಲುದಾರಳು. ನಾಲ್ಕನೆಯ ಮಗ್ಗುಲು ನನ್ನದು. ನಾನು ಎಡಚಿ. ಎಡಗೈಯಲ್ಲಿ ತುತ್ತು ಎತ್ತಿದರೆ ಅವ್ವ ಬೆರಳಿಗೆ ಹೊಡೆಯುತ್ತಿದ್ದಳು, ಪಾಟಿಯ ಮೇಲೆ ಬರೆದರೆ ಮಾಸ್ತರರು ಹೊಡೆಯುತ್ತಿದ್ದರು. ಆಯಿ ಮಾತ್ರ "ಸೂಜಿಗೇನ ಗೊತ್ತಾಕ್ಕೈತಿ ಎಡ ಬಲ" ಎಂದು ನನ್ನ ಎಡಗೈಗೇ ಸೂಜಿ ಕೊಟ್ಟು ಕಲಿಸಿದ್ದಳು. ಎಲ್ಲರ ಹೊಲಿಗೆ ಒಂದು ಕಡೆಗೆ ವಾಲಿದರೆ ನನ್ನದು ಇನ್ನೊಂದು ಕಡೆಗೆ ವಾಲುತ್ತಿತ್ತು. ನನ್ನ ಮಗ್ಗುಲು ಯಾವುದೆಂದು ಕತ್ತಲಲ್ಲಿ ಕೈಯಾಡಿಸಿ ಹೇಳುತ್ತೇನೆಂದು ಆಯಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಜಗತ್ತಿನಲ್ಲಿ ನನ್ನ ಪರವಾಗಿ ಒಬ್ಬರಿದ್ದಾರೆಂದು ನಾನು ನಂಬಿದ್ದು ಆ ಒಂದು ಕಾರಣಕ್ಕೆ.

ಕಾರ್ತಿಕದಲ್ಲಿ ಮನೆಯ ದಿನಚರಿಯೇ ಬೇರೆ. ಮುಂಜಾನೆ ಅವ್ವ ಸಜ್ಜೆ ಹಿಟ್ಟಿಗೆ ಎಳ್ಳು ಉದುರಿಸಿ ರೊಟ್ಟಿ ಬಡಿದು, ಬುಟ್ಟಿ ತುಂಬ ಮಾಡಿಟ್ಟುಬಿಡುತ್ತಿದ್ದಳು. ಜೊತೆಗೆ ಪುಂಡಿಪಲ್ಯ, ಇಲ್ಲದಿದ್ದರೆ ಶೇಂಗಾ ತುಂಬಿದ ಎಣ್ಣೆ ಬದನೆಕಾಯಿ. ಹೊಸ ಶೇಂಗಾದ ಕಾಲ. ಕುದಿಸಿದ ಶೇಂಗಾದ ಬೋಗುಣಿ ಕೌದಿಯಿಂದ ದೂರಕ್ಕಿರಬೇಕೆಂದು ಆಯಿಯ ಕಟ್ಟುನಿಟ್ಟು. ಅವ್ವ ಹೊಲಿಗೆಯ ನಡುವೆ ಎದ್ದು ಒಗ್ಗರಣೆ ಹಾಕಿ ಬಂದರೆ ಕಡಲೆಹಿಟ್ಟಿನಿಂದ ಕೈ ತೊಳೆಯದೆ ಕೌದಿ ಮುಟ್ಟುವಂತಿರಲಿಲ್ಲ. ಇದಕ್ಕಾಗಿ ಅತ್ತೆ ಸೊಸೆಗೆ ದಿನಾ ಒಂದಿಷ್ಟು ತಿಕ್ಕಾಟ.

"ಕೈ ವಾಸನಿ ಹಿಡೀತೀರಲ್ಲ ಅತ್ತಿ, ಉಣ್ಣಾಕ ಬೇಕಲ್ಲ ಮತ್ತ ನನ್ನ ಒಗ್ಗರಣಿ."

"ಉಣ್ಣಾಕ ಬೇಕು. ಹೊದ್ದಕೊಳ್ಳಾಕ ಬ್ಯಾಡ."

ಹಸೀನಾಬಿ ನಕ್ಕು ನಕ್ಕು ದಾರ ತಪ್ಪಿಸಿಕೊಳ್ಳುತ್ತಿದ್ದಳು. ಮಧ್ಯಾಹ್ನ ಬೆಳಕಿಂಡಿಯ ಬಿಸಿಲು ಕೌದಿಯ ಮೇಲೆ ಬಿದ್ದು ನಿಧಾನಕ್ಕೆ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಅದು ಗೋಡೆ ಹತ್ತಿದಾಗ ಸೂಜಿ ಎತ್ತಿಡುವುದು. ನನಗೆ ಆ ದಿನಗಳಷ್ಟು ಸುಖದ ದಿನಗಳು ಆಮೇಲೆ ಸಿಗಲಿಲ್ಲ. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಯಾಕೆ ಅಷ್ಟು ನೋವಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಆ ವರ್ಷ ಪಾಡ್ಯ ಕಳೆದ ಮೇಲೆ ಆಯಿ ಹೊಸ ಕೌದಿ ಹಾಸಿದಳು. ಹಸೀನಾಬಿ ಮಗಳ ಬಾಣಂತನಕ್ಕೆಂದು ಶಿರಹಟ್ಟಿಗೆ ಹೋಗಿದ್ದಳು. ನಾನು ಶಾಲೆಯಿಂದ ಬಂದವಳೇ ಚೀಲ ಬಿಸಾಕಿ, ಸೂಜಿಗೆ ದಾರ ಪೋಣಿಸಿಕೊಂಡು ನನ್ನ ಮಗ್ಗುಲಿಗೆ ಕೂಡಲು ಹೋದೆ. ಆಯಿ ತಲೆ ಎತ್ತದೆ ಹೇಳಿದಳು:

"ಸಾವಿ, ಸೂಜಿ ಬಿಡು. ಪುಸ್ತಕ ಹಿಡಿ."

"ಯಾಕ ಆಯಿ?"

"ನಿನ್ನ ದನಿ ಚಲೋ ಐತಿ. ನಮಗ ಓದಿ ಹೇಳು. ಹೊಲ್ಯಾಕ ನಾವು ಅದೀವಲ್ಲ."

ನನಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು. ನಮ್ಮ ಮನೆಯಲ್ಲಿ ಪುಸ್ತಕ ಹಿಡಿದು ಕೂತವರಿಗೆ ಅಷ್ಟರ ತನಕ ಸೋಮಾರಿ ಎಂಬ ಹೆಸರೇ ಇದ್ದದ್ದು. ಈಗ ಓದುವುದೇ ಕೆಲಸವೆಂದು ಆಯಿ ಬಾಯಿಬಿಟ್ಟು ಹೇಳಿದ್ದಳು. ಮರುದಿನ ಅಪ್ಪ ಮಗ್ಗ ನಿಲ್ಲಿಸಿ, ಸೈಕಲ್ ಹತ್ತಿ ಗದಗಿಗೆ ಹೋಗಿ ಗ್ರಂಥಾಲಯದಿಂದ ಒಂದು ದಪ್ಪ ಕಾದಂಬರಿ ತಂದುಕೊಟ್ಟ. ಪಂಚಾಂಗ ಬಿಟ್ಟು ಇನ್ನೊಂದು ಪುಸ್ತಕ ಮುಟ್ಟದ ಅಪ್ಪ! ಆಗಲೇ ನನಗೆ ಸಂಶಯ ಬರಬೇಕಿತ್ತು. ಆದರೆ ಬಹುಮಾನ ಬಂದಾಗ ಯಾಕೆ ಕೊಟ್ಟಿರಿ ಎಂದು ಯಾವ ಮಗು ಕೇಳುತ್ತದೆ? ಕೌದಿ ಯಾರದೆಂದು ಮಾತ್ರ ಒಮ್ಮೆ ಕೇಳಿದೆ. "ಲಕ್ಷ್ಮೇಶ್ವರದ್ದು" ಎಂದಳು ಆಯಿ. ಅದು ಸುಳ್ಳಲ್ಲ ನೋಡಿ.

ಕಾದಂಬರಿ ಒಬ್ಬ ವಕೀಲರ ಮಗಳ ಕತೆ. ಆಕೆಗೆ ಇಬ್ಬರು ವರಗಳು, ಒಬ್ಬ ಬಡವ, ಒಬ್ಬ ಶ್ರೀಮಂತ, ನಡುವೆ ಒಬ್ಬಳು ಕೆಟ್ಟ ಚಿಕ್ಕಮ್ಮ. ನಾನು ಚಿಕ್ಕಮ್ಮನ ಮಾತನ್ನು ಮೂಗಿನಲ್ಲಿ ಓದುತ್ತಿದ್ದೆ, ವಕೀಲರ ಮಾತಿಗೆ ಗಂಟಲು ದಪ್ಪ ಮಾಡುತ್ತಿದ್ದೆ. ಶಾರದೆ ಕೂಡ ತಮ್ಮನ ತೊಟ್ಟಿಲು ತೂಗುವುದನ್ನು ಬಿಟ್ಟು ಬಾಯಿ ತೆರೆದು ಕೂಡುತ್ತಿದ್ದಳು. ಆಯಿಗೆ ಮಾತ್ರ ಕಾಯುವ ತಾಳ್ಮೆ ಇರಲಿಲ್ಲ. ಮೊದಲ ದಿನವೇ ಕಡೆಯ ಹಾಳೆ ತೆಗೆಯೆಂದು ಹಟ ಹಿಡಿದಳು.

"ಆ ಹುಡುಗಿದು ಕಡೀಗೆ ಏನಾಕ್ಕೈತಿ ಹೇಳಿಬಿಡು. ಗೊತ್ತಾದ್ರ ಮನಸು ನಿಂದ್ರತೈತಿ."

"ಹಂಗ ಹೇಳಿದ್ರ ಮಜಾ ಇರಂಗಿಲ್ಲ ಆಯಿ."

"ಮಜಾ ನಿನಗಿರ್ಲಿ. ನನಗ ಆಕಿ ಜೀಂವಾ ಚಲೋ ಇರತೈತೋ ಇಲ್ಲೋ ಅಷ್ಟ ಹೇಳು."

ನಾನು ಕಡೆಯ ಹಾಳೆ ಓದಿ, ಚಲೋ ಇರುತ್ತಾಳೆ ಎಂದೆ. ಆಯಿ ಸಮಾಧಾನದಿಂದ ಸೂಜಿ ಹಿಡಿದಳು. ಅವ್ವ ಮಾತ್ರ ಆ ದಿನಗಳಲ್ಲಿ ಕತೆ ಕೇಳುತ್ತಿದ್ದಳೋ ಇಲ್ಲವೋ. ನಡುವೆ ಎಲ್ಲರೂ ನಕ್ಕಾಗ ಆಕೆ ನಗುತ್ತಿರಲಿಲ್ಲ. ಒಗ್ಗರಣೆಯ ಕೈ ತೊಳೆಯದೆ ಬಂದು ಕೂತರೂ ಆಯಿ ಏನೂ ಅನ್ನುತ್ತಿರಲಿಲ್ಲ. ಇಬ್ಬರ ಜಗಳವೇ ನಿಂತುಹೋಗಿತ್ತು. ಒಂದು ದಿನ ಅವ್ವ ತನ್ನ ಟ್ರಂಕು ತೆಗೆದು, ಕೆಂಪು ಸೆರಗಿನ ಇಳಕಲ್ ಸೀರೆಯೊಂದನ್ನು ತಂದು ಆಯಿಯ ಮುಂದೆ ಹಾಕಿದಳು. ಅದು ಎಲ್ಲೂ ಹರಿದಿರಲಿಲ್ಲ. ಕೌದಿಗೆ ಗಟ್ಟಿ ಸೀರೆ ಹಾಕುವುದನ್ನು ನಾನು ಅಷ್ಟರ ತನಕ ನೋಡಿರಲಿಲ್ಲ.

"ಅವ್ವ, ಇದು ನನ್ನ ಹೆಸರಿಡುವಾಗ ಉಟ್ಟದ್ದಲ್ಲ? ಹರಿದಿಲ್ಲಲ್ಲ ಇದು!"

"ಬಣ್ಣ ಹೋಗೇತಿ."

ಬಣ್ಣ ಹೋಗಿರಲಿಲ್ಲ. ಆಯಿ ಆ ಸೀರೆಯನ್ನು ಕತ್ತರಿಯಲ್ಲಿ ಕತ್ತರಿಸಿ ಕೌದಿಯ ನಟ್ಟನಡುವೆ ಕೂರಿಸಿದಳು. ಅವ್ವ ಎದ್ದು ಹಿತ್ತಲಿಗೆ ಹೋದಳು. ನಾನು ಹಾಳೆ ತಿರುವಿದೆ.

ಕಾರ್ತಿಕದ ಗೌರಿ ಹುಣ್ಣಿಮೆಗೆ ಲಕ್ಷ್ಮೇಶ್ವರದಿಂದ ಗಂಗತ್ತಿ ಬಂದಳು. ಗಂಗತ್ತಿ ಎಂದರೆ ಅಪ್ಪನ ತಂಗಿ, ಆಯಿಯ ಒಬ್ಬಳೇ ಮಗಳು. ಅಲ್ಲಿ ಆಕೆಯ ಗಂಡನಿಗೆ ಕಿರಾಣಿ ಅಂಗಡಿ ಇತ್ತು, ಮಕ್ಕಳಿರಲಿಲ್ಲ. ನಮ್ಮ ಕಡೆ ಆ ಹುಣ್ಣಿಮೆಗೆ ಹುಡುಗಿಯರು ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಗೌರಿಗೆ ಆರತಿ ಬೆಳಗುತ್ತಾರೆ. ಗಂಗತ್ತಿ ಪ್ರತಿ ವರ್ಷ ನನಗೂ ಶಾರದೆಗೂ ಸರಿಸಮ ತರುತ್ತಿದ್ದಳು. ಆ ವರ್ಷ ನನಗೆ ಆನೆ, ನವಿಲು, ಒಂಟೆ, ತಟ್ಟೆ ತುಂಬ ಗೊಂಬೆ. ಶಾರದೆಗೆ ಎರಡು ಸಣ್ಣ ಗಿಳಿ. ಶಾರದೆ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ಅವ್ವ ಆಕೆಯನ್ನು ಸಮಾಧಾನ ಮಾಡುವುದು ಬಿಟ್ಟು ಬೆನ್ನಿಗೆ ಎರಡು ಬಾರಿಸಿದಳು, ಬಾರಿಸಿ ತಾನೇ ಅತ್ತಳು. ಗಂಗತ್ತಿ ನನ್ನನ್ನು ತೊಡೆಯ ಹತ್ತಿರ ಕೂಡಿಸಿಕೊಂಡು ಹೆರಳು ಹಾಕಿದಳು, ಚಪ್ಪಲಿ ತರಬೇಕೆಂದು ದಾರದಿಂದ ಪಾದ ಅಳೆದುಕೊಂಡಳು. ಒಬ್ಬಳೇ ಮಲಗಿದರೆ ಅಂಜಿಕೆ ಆಗುತ್ತದೆಯೇ, ಹಾಲು ಸೇರುತ್ತದೆಯೇ, ಯಾವ ಪಲ್ಯ ಸೇರುವುದಿಲ್ಲ, ಎಲ್ಲ ಕೇಳಿದಳು. ಪರೀಕ್ಷೆಯಲ್ಲಿ ಉತ್ತರ ಹೇಳುವವಳ ಹಾಗೆ ನಾನು ಎಲ್ಲಕ್ಕೂ ಟಕಟಕ ಉತ್ತರ ಕೊಟ್ಟೆ. ಪಾಸಾದೆ ಎಂದು ಆಮೇಲೆ ತಿಳಿಯಿತು.

ಹುಣ್ಣಿಮೆ ಆದ ಮೇಲೆ ಹಸೀನಾಬಿ ಶಿರಹಟ್ಟಿಯಿಂದ ಬಂದಳು. ಮೊಮ್ಮಗ ಹುಟ್ಟಿದ ಖುಷಿ, ಕೈಯಲ್ಲಿ ಮಿಠಾಯಿ ಪುಡಿಕೆ. ಎಲ್ಲರ ಬಾಯಿಗೂ ಒಂದೊಂದು ತುಂಡು ಇಟ್ಟು ತನ್ನ ಮಗ್ಗುಲಿಗೆ ಕೂತಳು. ಕೌದಿ ಮುಕ್ಕಾಲು ಪಾಲು ಮುಗಿದಿತ್ತು. ನಾನು ಗೋಡೆಗೆ ಒರಗಿ ಓದುತ್ತಿದ್ದೆ. ಆಕೆ ಸ್ವಲ್ಪ ಹೊತ್ತು ಕೇಳಿ, ನನ್ನ ಕಡೆ ತಿರುಗಿದಳು.

"ಏ ಬೇಟಿ, ನೀ ಹಿಂಗ ಪುಸ್ತಕ ಹಿಡಕೊಂಡು ಕುಂತ್ರ ಹೆಂಗ? ನಿನ್ನ ಕೌದಿಗೆ ನೀನ ಒಂದು ಟಾಕಿ ಹಾಕು ಬಾ. ನಮ್ಮ ಶಿರಹಟ್ಟ್ಯಾಗ ಹೋಗೋ ಹುಡುಗಿನ ಮೊದಲನೇ ಟಾಕಿ ಹಾಕೂದು. ಹಂಗ ಹಾಕಿದ್ರ ಎಲ್ಲಿ ಹೋದ್ರೂ ತವರಮನಿ ಮರಿಯಂಗಿಲ್ಲ."

ಹೇಳುತ್ತಲೇ ತನ್ನ ಸೂಜಿಯನ್ನು ನನ್ನ ಎಡಗೈಗೆ ಕೊಟ್ಟಳು. ನಾನು ಅರ್ಥವಾಗದೆ ಸೂಜಿ ಹಿಡಿದು ನಿಂತೆ. ಆಯಿ ಕೌದಿಯ ಮೇಲೆ ಅಡ್ಡ ಬಾಗಿ, ಮೊಣಕಾಲೂರಿ ಬಂದು ನನ್ನ ಕೈಯಿಂದ ಸೂಜಿ ಕಸಿದುಕೊಂಡಳು. ಕಸಿಯುವಾಗ ಅದು ಆಕೆಯ ಬೆರಳಿಗೇ ಚುಚ್ಚಿತು.

"ನಮ್ಮಲ್ಲಿ ಹಾಕಂಗಿಲ್ಲ!"

ನಮ್ಮ ಮನೆತನದಲ್ಲಿ ಅದೊಂದು ನೇಮ. ಮನೆ ಬಿಟ್ಟು ಹೋಗುವ ಹುಡುಗಿ ತನ್ನ ಕೌದಿಗೆ ತಾನು ಸೂಜಿ ತಾಗಿಸಬಾರದು. ತಾಗಿಸಿದರೆ ಆಕೆಯ ಜೀವ ಹುಟ್ಟಿದ ಮನೆಗೇ ಸಿಕ್ಕಿಕೊಳ್ಳುತ್ತದೆ, ಹೋದ ಮನೆಯಲ್ಲಿ ನಿಲ್ಲುವುದಿಲ್ಲ ಎಂಬ ನಂಬಿಕೆ. ಅವ್ವನ ಕೌದಿಗೆ ಅವ್ವ ಸೂಜಿ ಮುಟ್ಟಿಸಿರಲಿಲ್ಲ, ಗಂಗತ್ತಿಯ ಕೌದಿಗೆ ಗಂಗತ್ತಿ ಮುಟ್ಟಿಸಿರಲಿಲ್ಲ. ಹಸೀನಾಬಿಯ ಊರಲ್ಲಿ ನೇಮ ಉಲ್ಟಾ. ಪಾಪ, ಆಕೆಗೆ ನಮ್ಮದು ಗೊತ್ತಿರಲಿಲ್ಲ. ನನ್ನನ್ನು ಕಳಿಸುವ ಮಾತು ಗೊತ್ತಿತ್ತು, ನನಗೆ ಹೇಳಿಲ್ಲ ಎಂಬುದು ಗೊತ್ತಿರಲಿಲ್ಲ. ಆಯಿಯ ಮುಖ ನೋಡಿ, ಅವ್ವನ ಮುಖ ನೋಡಿ, ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯಾ ಅಲ್ಲಾ! ಹುಡುಗಿಗೆ ಇನ್ನೂ ಹೇಳಿಲ್ಲೇನ್ರಿ?"

ಆಚೆಯ ಕೋಣೆಯಲ್ಲಿ ಮಗ್ಗ ನಿಂತಿತು. ಅಪ್ಪ ಎದ್ದು ಬರುತ್ತಾನೆ, ಬಂದು ಇದೆಲ್ಲ ಸುಳ್ಳು ಎನ್ನುತ್ತಾನೆ ಎಂದು ನಾನು ಬಾಗಿಲ ಕಡೆ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಮಗ್ಗ ಮತ್ತೆ ಶುರುವಾಯಿತು. ಅಪ್ಪ ಬರಲಿಲ್ಲ.

ಅವ್ವ ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಹೊತ್ತಲ್ಲದ ಹೊತ್ತಿನಲ್ಲಿ ಒಲೆ ಹಚ್ಚಿ, ಬೇಕಿಲ್ಲದಿದ್ದರೂ ಹಿಟ್ಟು ಕಲಸಲಿಕ್ಕೆ ಕೂತಳು.

"ಎಲ್ಲಿಗೆ ಕಳಸ್ತೀರಿ ನನ್ನ?"

"ಗಂಗತ್ತಿ ಮನಿಗೆ."

"ಎಷ್ಟ ದಿನ?"

"ಅಲ್ಲೇ ಸಾಲಿಗೆ ಹಾಕ್ತಾರ. ದೊಡ್ಡ ಸಾಲಿ ಐತಿ. ಆಕಿ ನಿನ್ನ ಅಂಗೈಯಾಗ ಇಟ್ಟು ನೋಡ್ಕೋತಾಳ."

"ಎಷ್ಟ ದಿನ ಅವ್ವ?"

ಅವ್ವ ಹಿಟ್ಟು ನಾದುತ್ತಲೇ ಇದ್ದಳು. ಆಮೇಲೆ ತುಂಡು ತುಂಡಾಗಿ ಹೇಳಿದಳು. ಗಂಗತ್ತಿಯ ಗಂಡನಿಗೆ ಮನೆಯವರು ಇನ್ನೊಂದು ಮದುವೆ ಮಾಡಬೇಕೆಂದಿದ್ದಾರೆ. ಹಾವೇರಿ ಕಡೆಯ ಹುಡುಗಿಯನ್ನು ನೋಡಿ ಬಂದಿದ್ದಾರೆ. ಮನೆಯಲ್ಲಿ ಒಂದು ಮಗು ಓಡಾಡಿದರೆ ಸಾಕು, ಇನ್ನೊಬ್ಬಳನ್ನು ತರುವುದಿಲ್ಲ ಎಂದು ಆತ ಮಾತು ಕೊಟ್ಟಿದ್ದಾನೆ. ಆಯಿ ತನ್ನ ಮಗಳ ಬಾಳು ಉಳಿಸಿಕೊಳ್ಳಲು ಮಗನ ಮುಂದೆ ಸೆರಗೊಡ್ಡಿ ಕೇಳಿದ್ದಾಳೆ. ತಮ್ಮ ಗಂಡು, ಕೊಡುವ ಮಾತೇ ಇಲ್ಲ. ಶಾರದೆ ಸಣ್ಣವಳು, ಅಳುತ್ತಾಳೆ. ಉಳಿದವಳು ನಾನು. ಇದನ್ನೆಲ್ಲ ಅವ್ವ ಹೇಳುವಾಗ ಒಮ್ಮೆಯೂ ನನ್ನ ಮುಖ ನೋಡಲಿಲ್ಲ.

"ನೀನೂ ಕುಂತು ಹೊಲದಿ," ಎಂದೆ.

"ಹೊಲದೆ. ನಿನ್ನ ಮೈಮ್ಯಾಲೆ ಬೀಳೂ ಕೌದಿಗೆ ನನ್ನ ಕೈ ಇರಬಾರದೇನ?"

ಆ ಮಾತಿಗೆ ನಾನು ಕರಗಬೇಕಿತ್ತೇನೋ. ಕರಗಲಿಲ್ಲ, ಈಗಲೂ ಕರಗಿಲ್ಲ. ಕೈ ಇರಬೇಕೆಂಬ ಆಸೆ ಇತ್ತು, ಬೇಡ ಎನ್ನುವ ಬಾಯಿ ಇರಲಿಲ್ಲ. ನಾನು ಪಡಸಾಲೆಗೆ ಬಂದೆ. ಹಸೀನಾಬಿ ಹೋಗಿಬಿಟ್ಟಿದ್ದಳು. ಆಯಿ ಬೆರಳಿನ ರಕ್ತವನ್ನು ಬಾಯಲ್ಲಿ ಚೀಪುತ್ತ ಅಲ್ಲೇ ಕೂತಿದ್ದಳು. ನನಗೆ ಆ ವಯಸ್ಸಿನಲ್ಲಿ ಎಲ್ಲಿಂದ ಆ ಮಾತು ಬಂತೋ.

"ಕತಿಯಾಗಿನ ಹುಡುಗಿದು ಕಡೀಗೆ ಏನಾತು ಅಂತ ಮೊದಲ ಕೇಳಿದಿ. ನಂದು ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಒಲ್ಲೆ ಅಂತಿದ್ದಿ."

"ಒಲ್ಲೆ ಅಂದಿದ್ರ ಬಿಡ್ತಿದ್ದೇನ?"

ಆಕೆ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಬಿಡ್ತಿದ್ದಿಲ್ಲ. ಅದಕ್ಕ ಕೇಳಲಿಲ್ಲ."

ಮರುದಿನ ಮಧ್ಯಾಹ್ನ ನಾನು ಹೊಟ್ಟೆನೋವೆಂದು ಶಾಲೆಗೆ ಹೋಗಲಿಲ್ಲ. ಅವ್ವ ತಮ್ಮನಿಗೆ ನೀರು ಹಾಕುತ್ತಿದ್ದಳು, ಆಯಿ ಹಿತ್ತಲಲ್ಲಿ ಶೇಂಗಾ ಒಣಗಿಸುತ್ತಿದ್ದಳು. ಕೌದಿ ಮಡಚಿ ಇಟ್ಟಿದ್ದರು. ಆಯಿಯ ಡಬ್ಬಿಯಿಂದ ಸೂಜಿ ತೆಗೆದು, ಕೌದಿಯ ಒಂದು ಮೂಲೆ ಎಳೆದು ತೊಡೆಯ ಮೇಲೆ ಹಾಕಿಕೊಂಡು ಹೊಲಿದೆ. ತಾಗಿಸಿದರೆ ಜೀವ ಇಲ್ಲೇ ಸಿಕ್ಕಿಕೊಳ್ಳುತ್ತದಲ್ಲ, ಸಿಕ್ಕಿಕೊಳ್ಳಲಿ ಎಂದು ಒಂದು ಟಾಕಿಗೆ ನಿಲ್ಲಿಸದೆ ಗೇಣುದ್ದ ಹಾಕಿದೆ. ಅಲ್ಲಿಗೆ ಕೆಲಸ ಕೆಟ್ಟಿತು, ಇನ್ನು ನನ್ನನ್ನು ಯಾವ ಊರಿಗೆ ಒಯ್ದರೂ ಅಲ್ಲಿ ನಿಲ್ಲುವುದಿಲ್ಲ, ಇವರೇ ಬಂದು ಕರೆತರಬೇಕಾಗುತ್ತದೆ ಎಂದು ಎಷ್ಟು ಧೈರ್ಯ ಬಂತೆಂದರೆ ಸಂಜೆ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಅದರ ಮರುದಿನ ಆಯಿ ಕೌದಿ ಬಿಚ್ಚಿ ಹಾಸಿದಳು. ಎಂದಿನಂತೆ ಅಂಚಿನ ಮೇಲೆ ಅಂಗೈ ಸವರುತ್ತ ಬಂದಳು. ಆ ಮೂಲೆಯಲ್ಲಿ ಕೈ ನಿಂತಿತು. ನಾನು ನೋಡುತ್ತಿದ್ದೆ. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ, ಇಲ್ಲವೇ ಇಷ್ಟು ಒಲ್ಲದ ಹುಡುಗಿಯನ್ನು ಹೇಗೆ ಕಳಿಸುವುದೆಂದು ಅಪ್ಪನನ್ನು ಕೂಗುತ್ತಾಳೆ ಎಂದುಕೊಂಡೆ. ಆಯಿ ಹಾಗೆ ಏನೂ ಮಾಡಲಿಲ್ಲ. ನನ್ನನ್ನು ನೋಡಿ, "ಪುಸ್ತಕ ತಗೀ, ಮೊನ್ನೆ ಎಲ್ಲಿಗೆ ನಿಂತಿತ್ತು ಓದು" ಎಂದಳು. ನಾನು ಪುಸ್ತಕ ತೆಗೆದೆ. ಆಕೆ ಸೂಜಿಯ ಮೊನೆಯಿಂದ ನನ್ನ ಹೊಲಿಗೆಯನ್ನು ಒಂದೊಂದಾಗಿ ಮೇಲೆತ್ತಿ, ಬಿಚ್ಚಿ, ದಾರ ಎಳೆದು ತೆಗೆಯತೊಡಗಿದಳು. ಬೇರೆ ಯಾರ ಹೊಲಿಗೆಯೂ ಅಲ್ಲ, ನನ್ನದೇ ಎಂದು ಗುರುತಿಸಿದ್ದಕ್ಕೆ ಅದು ವಾಲಿದ ರೀತಿ ಸಾಕಾಗಿತ್ತು. ಆ ಗುರುತನ್ನು ಪ್ರೀತಿಯಿಂದ ಕಲಿಸಿದವಳು ತಾನೇ. ನನ್ನ ದನಿ ಒಡೆಯಿತು.

"ಓದವಾ," ಎಂದಳು ಆಯಿ ಮೆಲ್ಲಗೆ. "ನಿಲ್ಲಸಬ್ಯಾಡ."

ನಾನು ಓದಿದೆ. ಆಕೆ ಬಿಚ್ಚಿ ಮುಗಿಸುವ ತನಕ ಓದಿದೆ. ವಕೀಲರ ಮಗಳ ಮದುವೆಯ ಭಾಗ ಅದು, ಓಲಗ, ಊಟ, ಎಲ್ಲ ಇತ್ತು. ಬಿಚ್ಚಿದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿದಿದ್ದವು. ಆಯಿ ಅದನ್ನು ಉಗುರಿನಿಂದ ಉಜ್ಜಿ ಮುಚ್ಚಿ, ಅದರ ಮೇಲೆ ತನ್ನ ಸಾಲು ಹಾಕಿದಳು. ಅವ್ವ ಎದುರಿಗೇ ಕೂತಿದ್ದಳು.

ಅಪ್ಪ ನನ್ನನ್ನು ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಕರೆದೊಯ್ದ. ದಾರಿಯುದ್ದಕ್ಕೂ ಕೌದಿಯ ಸುರುಳಿ ನನ್ನ ತೊಡೆಯ ಮೇಲಿತ್ತು. ಇಳಿಯುವಾಗ ಅಪ್ಪ, "ಶಾಣ್ಯಾಕಿ ಆಗಿರು" ಎಂದ. ಅಷ್ಟೇ ಅಂದ. ಗಂಗತ್ತಿಯ ಬಗ್ಗೆ ಒಂದು ಕೆಟ್ಟ ಮಾತನ್ನೂ ನಾನು ಹೇಳಲಾರೆ. ಅಳತೆ ಒಯ್ದಿದ್ದಳಲ್ಲ, ಆ ಚಪ್ಪಲಿ ಬಾಗಿಲಲ್ಲೇ ಕಾದಿದ್ದವು. ನನಗೆಂದೇ ಮಂಚ, ನನಗೆಂದೇ ಹಾಲಿನ ಲೋಟ. ಮಾವ ಅಂಗಡಿಯಿಂದ ಬರುವಾಗ ಪೆಪ್ಪರಮಿಂಟು ತರುತ್ತಿದ್ದ. ಇನ್ನೊಂದು ಮದುವೆಯ ಮಾತು ಅಲ್ಲಿಗೇ ನಿಂತಿತು, ಗಂಗತ್ತಿ ಸಾಯುವ ತನಕ ಆ ಮನೆಯ ಒಬ್ಬಳೇ ಯಜಮಾನತಿಯಾಗಿ ಬಾಳಿದಳು. ಅವರು ಮಾಡಿದ ಲೆಕ್ಕ ಸರಿಯಾಯಿತು. ಅದಕ್ಕೇ ಇದನ್ನು ಯಾರೂ ಮೋಸ ಎನ್ನುವುದಿಲ್ಲ, ನಾನು ಎಂದರೆ ನನ್ನನ್ನೇ ಕೃತಘ್ನಳೆಂಬಂತೆ ನೋಡುತ್ತಾರೆ. ಆದರೆ ಆ ಕಾರ್ತಿಕ ನನ್ನಲ್ಲಿ ಮಾಡಿಟ್ಟದ್ದು ನನಗೆ ಗೊತ್ತು. ಇಂದಿಗೂ ಯಾರಾದರೂ ನನ್ನನ್ನು ಹೊಗಳಿದರೆ, ಯಾವ ಕೆಲಸದಿಂದ ನನ್ನನ್ನು ದೂರ ಇಡುತ್ತಿದ್ದಾರೆಂದು ಮೊದಲು ನೋಡುತ್ತೇನೆ. ಗಂಡ ಮದುವೆಯಾದ ಹೊಸದರಲ್ಲಿ ಸೀರೆ ತಂದುಕೊಟ್ಟರೆ ಮುಖ ನೋಡಿ "ಏನಾತು ಹೇಳ್ರಿ" ಎನ್ನುತ್ತಿದ್ದೆ. ಆತ ಪಾಪ ಕಂಗಾಲಾಗುತ್ತಿದ್ದ. ಪುಸ್ತಕ ಬಿಡಲಿಲ್ಲ, ಬಿಡಲು ಆಗಲಿಲ್ಲ. ಒಳ್ಳೆಯದೋ ಕೆಟ್ಟದ್ದೋ, ಓದುವ ಹುಚ್ಚು ಹಿಡಿಸಿದ್ದು ಅದೇ ಪಡಸಾಲೆ. ಆದರೆ ಗಟ್ಟಿಯಾಗಿ ಓದುವುದನ್ನು ಬಿಟ್ಟೆ. ನನ್ನ ಮಕ್ಕಳು ಕತೆ ಓದಿ ಹೇಳೆಂದು ಸೆರಗು ಎಳೆದಾಗಲೂ ನೀವೇ ಓದಿಕೊಳ್ಳಿ ಎಂದು ಕೈಗೆ ಕೊಟ್ಟಿದ್ದೇನೆ.

ಮುಂದಿನ ದೀಪಾವಳಿಗೆ ಅಪ್ಪ ನನ್ನನ್ನು ಕರೆಯಲು ಬಂದ. ನಾನು ದಸರೆಯಿಂದಲೇ ಗಂಟು ಕಟ್ಟಿಟ್ಟಿದ್ದೆ. ಗೌರಿ ಹುಣ್ಣಿಮೆ ತನಕ ಇದ್ದು ಬಾ ಎಂದು ಗಂಗತ್ತಿಯೇ ಹೇಳಿದ್ದಳು. ಶಾಲೆಗೆ ಮಾವ ಚೀಟಿ ಬರೆದುಕೊಟ್ಟಿದ್ದ. ನನ್ನ ಮನಸ್ಸಿನಲ್ಲಿ ಬೇರೆಯೇ ಇತ್ತು. ಇಷ್ಟು ದಿನದಲ್ಲಿ ಅವ್ವ ಹಂಬಲಿಸಿರುತ್ತಾಳೆ, ನನ್ನನ್ನು ಕಂಡೊಡನೆ ತಾಳಲಾರಳು, ಇರು ಎಂದು ಒಂದು ಮಾತು ಬಾಯಿಂದ ಬಂದರೆ ಸಾಕು, ನಾನು ಮತ್ತೆ ಲಕ್ಷ್ಮೇಶ್ವರದ ಬಸ್ಸು ಹತ್ತುವುದಿಲ್ಲ. ಹೀಗೆಂದು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಎಷ್ಟು ಸಲ ಅಂದುಕೊಂಡೆನೋ. ಮನೆ ಹೊಕ್ಕಾಗ ಅವ್ವ ನನ್ನ ಕಾಲಿಗೆ ನೀರು ಕೊಟ್ಟಳು. ನಾನೇ ಬಚ್ಚಲಿಗೆ ಹೋಗಿ ತೊಳೆದುಕೊಳ್ಳುತ್ತಿದ್ದ ಕಾಲು. ಅಪ್ಪ ಕೂಡುವ ಮಣೆಯನ್ನು ನನಗೆ ಹಾಕಿದಳು. ಶಾರದೆ ಅದರ ಮೇಲೆ ಕೂತಿದ್ದಳು.

"ಏಳ ಶಾರಿ, ಆಕಿ ಕುಂಡ್ರಲಿ. ನೀ ದಿನಾ ಇರಾಕಿ."

ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ಹಾಕುತ್ತಲೇ ಹೋದಳು. ನಾನು ಸಾಕೆಂದು ಕೈ ಅಡ್ಡ ಹಿಡಿದೆ.

"ಬಿಡೇ ಸಂಕೋಚ ಮಾಡ್ಕೋಬ್ಯಾಡ," ಎಂದಳು ಅವ್ವ. "ಹೊಟ್ಟಿ ತುಂಬ ಉಣ್ಣು."

ಆಕೆಯ ಕಣ್ಣಲ್ಲಿ ನೀರಿತ್ತು. ಪ್ರೀತಿ ಇರಲಿಲ್ಲವೆಂದು ಹೇಗೆ ಹೇಳಲಿ? ಪಕ್ಕದಲ್ಲಿ ಕೂತು ನನ್ನ ತಲೆ ಸವರಿ, ಕೆನ್ನೆ ಹಿಡಿದು, ಎಷ್ಟು ಎತ್ತರ ಆಗಿದ್ದಿ ಎಂದಳು, ಗಂಗತ್ತಿ ಚಲೋ ನೋಡಿಕೊಂಡಿದ್ದಾಳೆ ಎಂದಳು. ಆಮೇಲೆ ಊರಿಂದ ಬಂದ ಯಾರನ್ನಾದರೂ ಕೇಳುವ ಹಾಗೆ, ಅಷ್ಟೇ ಅಕ್ಕರೆಯಿಂದ ಕೇಳಿದಳು:

"ಹೊಳ್ಳಿ ಯಾವಾಗ ಹೋಗಾಕಿ?"

ತುತ್ತು ಬಾಯಲ್ಲೇ ಉಳಿಯಿತು. ಹುಣ್ಣಿಮೆ ತನಕ ಇರುತ್ತೇನೆ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಇಷ್ಟು ಜಲ್ದಿ ಯಾಕವ್ವ, ಇರು ಎಂದು ಆಕೆ ಅನ್ನಲಿ ಎಂಬ ಒಂದೇ ಆಸೆಗೆ ಸುಳ್ಳು ಹೇಳಿದೆ.

"ನಾಳೆ ಮುಂಜಾನಿ."

ಅವ್ವ ನನ್ನ ಮುಖವನ್ನೇ ನೋಡಿದಳು. ತುಟಿ ಅಲುಗಿತು. ನಾನು ಕಾದೆ.

"ಮುಂಜಾನಿ ಬಸ್ಸಿಗಾದ್ರ ನಸಕಿನ್ಯಾಗ ಏಳಬೇಕಾಕ್ಕೈತಿ," ಎಂದಳು. "ಬುತ್ತಿಗೆ ಈಗ ರೊಟ್ಟಿ ಬಡದಿಡ್ತೀನಿ ತಡಿ."

ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು.